ಕಾಲ್ಬೆರಳು ಕೈಗೆ: ಸ್ಕ್ಯಾನಿಂಗ್ ಎಷ್ಟು ಅಗತ್ಯ?

ಪ್ರೆಸ್ ಯಂತ್ರಕ್ಕೆ ಸಿಲುಕಿ ಹೆಬ್ಬೆರಳು ಕಳೆದುಕೊಂಡ ಕಾರ್ಮಿಕನ ಪಾಲಿಗೆ ಆ ಕೈ ಅರ್ಧಕ್ಕರ್ಧ ನಿರುಪಯುಕ್ತ. ಸುತ್ತಿಗೆ ಹಿಡಿಯುವುದಿರಲಿ, ಅಂಗಿಯ ಗುಂಡಿ ಹಾಕುವುದೂ ಕಷ್ಟ. ಕಾಲಿನ ಹೆಬ್ಬೆರಳನ್ನು ತೆಗೆದು ಆ ಸ್ಥಾನದಲ್ಲಿ ಕೂರಿಸುವ ಸೂಕ್ಷ್ಮ ಶಸ್ತ್ರಚಿಕಿತ್ಸೆಯನ್ನು ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್‌ನಲ್ಲಿ ಜಾನ್ ಕಾಬೆಟ್ 1968ರಲ್ಲಿ ನಡೆಸಿದರು. ಇಂದು ಭಾರತದಲ್ಲಿಯೂ ಅದು ಅಪರಿಚಿತವಲ್ಲ.

ತೊಡಕಿರುವುದು ರಕ್ತನಾಳದಲ್ಲಿ. ಕಾಲ್ಬೆರಳಿಗೆ ರಕ್ತ ಒದಗಿಸುವ ಮುಖ್ಯ ಧಮನಿಯು ಕೆಲವರಲ್ಲಿ ಪಾದದ ಮೇಲ್ಭಾಗದಲ್ಲಿ, ಇನ್ನು ಕೆಲವರಲ್ಲಿ ಅಂಗಾಲಿನ ಕಡೆಯಿಂದ ಹಾದುಬರುತ್ತದೆ. ಸಿ.ಟಿ. ಆಂಜಿಯೋಗ್ರಫಿ ಇದನ್ನು ಮುಂಚಿತವಾಗಿಯೇ ತೋರಿಸಬಲ್ಲದು. ಹಾಗೆಂದು ಎಲ್ಲರಿಗೂ ಅದು ಅನಿವಾರ್ಯವೇ? ಬೆರಳ ಸಂದಿಯಿಂದ ಹಿಮ್ಮುಖವಾಗಿ ನಾಳವನ್ನು ಬಿಡಿಸುತ್ತ ಸಾಗುವ ನುರಿತ ತಜ್ಞರು ಚಿತ್ರವಿಲ್ಲದೆಯೂ ದಾರಿ ಕಂಡುಕೊಳ್ಳುತ್ತಾರೆ. ಕಾಂಟ್ರಾಸ್ಟ್ ದ್ರಾವಣವು ದುರ್ಬಲ ಮೂತ್ರಪಿಂಡದವರಿಗೆ ಅಪಾಯ ತರಬಹುದು; ಖರ್ಚಂತೂ ಇದ್ದೇ ಇದೆ.

ಆದರೆ ಜಜ್ಜಿಹೋದ ಕೈಯ ಮಾತೇ ಬೇರೆ. ಹೊಸ ಬೆರಳನ್ನು ಜೋಡಿಸಬೇಕಾದ ಧಮನಿ ಅಲ್ಲಿ ಸುಸ್ಥಿತಿಯಲ್ಲಿ ಉಳಿದಿದೆಯೇ ಎಂಬುದನ್ನು ಅರಿಯದೆ ಕಾಲಿಗೆ ಕತ್ತರಿ ಹಾಕುವುದು ದುಡುಕು. ಜೋಡಣೆ ವಿಫಲವಾದರೆ ಕೈಬೆರಳಿನ ಜೊತೆಗೆ ಕಾಲ್ಬೆರಳನ್ನೂ ಕಳೆದುಕೊಳ್ಳುವವನು ರೋಗಿಯೇ ಹೊರತು ವೈದ್ಯನಲ್ಲ. ಆದ್ದರಿಂದ ಇಂತಹ ಗಾಯಾಳುಗಳ ಮಟ್ಟಿಗಾದರೂ ಸ್ಕ್ಯಾನಿಂಗ್ ವೆಚ್ಚವನ್ನು ಚಿಕಿತ್ಸೆಯ ಭಾಗವೆಂದೇ ಪರಿಗಣಿಸಿ ವಿಮೆಯೋ ಕಾರ್ಖಾನೆಯ ಮಾಲೀಕರೋ ಭರಿಸತಕ್ಕದ್ದು.