ಬೇಸಿಗೆಯ ಮದುವೆಯೂ ಮಲೆನಾಡಿನ ಮುಯ್ಯಿಯೂ

ಅಡಿಕೆಯ ಕೊಯ್ಲು ಮುಗಿದು, ಒಣಗಿದ ಅಡಿಕೆ ಚೀಲ ಸೇರಿ, ಮಕ್ಕಳ ಪರೀಕ್ಷೆಗಳೂ ಕಳೆದವೆಂದರೆ ಮಲೆನಾಡಿನಲ್ಲಿ ಮದುವೆಗಳ ಕಾಲ. ಮಳೆಯ ಭಯವಿಲ್ಲ, ಅಂಗಳ ಒಣಗಿದೆ, ದೂರದ ನೆಂಟರಿಗೆ ರಜೆಯಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ತರುಣ ತರುಣಿಯರಲ್ಲಿ ಕೆಲವರು ಈಗ ಪೇಟೆಯ ಕಲ್ಯಾಣ ಮಂಟಪವನ್ನು ಬಿಟ್ಟು ಹುಟ್ಟಿದ ಮನೆಯ ಅಂಗಳದಲ್ಲಿಯೇ ಮದುವೆಯಾಗಬೇಕೆಂದು ಬಯಸುತ್ತಿದ್ದಾರೆ. ತಮ್ಮ ಮದುವೆ ಎಲ್ಲರದರಂತಿರದೆ ತಮ್ಮದೇ ಆಗಿರಬೇಕೆಂಬ ಆಸೆ ಅವರದು. ಈ ಆಸೆಯನ್ನು ನಾವು ಸ್ವಾಗತಿಸುತ್ತೇವೆ. ಆದರೆ ಅದು ಕೈಗೂಡುವ ಬಗೆಯನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕಾಗಿದೆ.

ಅಂಗಳ ನಮ್ಮದಾದರೂ ಅದನ್ನು ತುಂಬುವ ವಸ್ತುಗಳು ಪೇಟೆಯಿಂದ ಲಾರಿಯಲ್ಲಿ ಬರುತ್ತಿವೆ. ನೈಲಾನ್ ಬಟ್ಟೆಯ ಶಾಮಿಯಾನ, ವಧೂವರರ ಹೆಸರು ಕೊರೆದ ಥರ್ಮೋಕೋಲ್, ಫ್ಲೆಕ್ಸ್, ಪ್ಲಾಸ್ಟಿಕ್ ಹೂಗಳು, ಅಂಗೈಯಷ್ಟು ಉದ್ದದ ನೀರಿನ ಬಾಟಲಿಗಳು. ಒಂದೇ ಅಂಗಡಿಯಿಂದ ಬಾಡಿಗೆಗೆ ತಂದ ಅಲಂಕಾರ ಹತ್ತು ಮನೆಗಳಲ್ಲಿ ಹತ್ತು ಮದುವೆಗಳನ್ನು ಒಂದೇ ಬಗೆಯಾಗಿ ಕಾಣಿಸುತ್ತದೆ. ತಮ್ಮದೇ ಆದ ಮದುವೆಯನ್ನು ಬಯಸಿದವರಿಗೆ ಕೊನೆಗೆ ದಕ್ಕುವುದು ಇಷ್ಟೇ.

ನಮ್ಮ ಭಾಷೆಯಲ್ಲಿ ಮುಯ್ಯಿ ಎಂಬ ಮಾತಿದೆ. ಮದುವೆಗೆ ಬಂದವರು ಕೊಡುವ ಉಡುಗೊರೆಗೂ ಮುಯ್ಯಿ ಎನ್ನುತ್ತೇವೆ. ಒಬ್ಬರ ಗದ್ದೆಯ ನಾಟಿಗೆ ಇನ್ನೊಬ್ಬರು ಕೈಗೂಡಿಸಿ ಮರಳಿ ಪಡೆಯುವ ದುಡಿಮೆಗೆ ಮುಯ್ಯಾಳು ಎನ್ನುತ್ತೇವೆ. ಪಡೆದುದನ್ನು ತಿರುಗಿ ಸಲ್ಲಿಸಬೇಕೆಂಬ ಅರಿವು ಎರಡರಲ್ಲಿಯೂ ಇದೆ. ಹಿಂದಿನ ಮದುವೆಯ ಚಪ್ಪರ ಎದ್ದದ್ದು ಹೀಗೆಯೇ. ತೋಟದಲ್ಲಿ ಬಿದ್ದ ಅಡಿಕೆ ಮರ ಕಂಬವಾಯಿತು, ಸೀಳಿದ ದಬ್ಬೆ ಅಡ್ಡಪಟ್ಟಿಯಾಯಿತು, ಸೋಗೆ ಹೊದಿಕೆಯಾಯಿತು. ಮದುವೆ ಮುಗಿದ ಮೇಲೆ ಅದೆಲ್ಲ ಉರುವಲಾಗಿ, ಗೊಬ್ಬರವಾಗಿ ತೋಟಕ್ಕೆ ಮರಳಿತು. ಊರವರಿಗೆ ಸಲ್ಲಬೇಕಾದ ಮುಯ್ಯಿಯ ಜೊತೆಗೆ ಮಣ್ಣಿಗೆ ಸಲ್ಲಬೇಕಾದ ಮುಯ್ಯಿಯೂ ಸಂದಿತು.

ಇದನ್ನು ಹೇಳುವಾಗ ಹಳೆಯದೆಲ್ಲವೂ ಹೊನ್ನೆಂದು ನಾವು ವಾದಿಸುತ್ತಿಲ್ಲ. ಆ ಮದುವೆಗಳ ಅಡುಗೆಮನೆಯ ಹೊಗೆಯನ್ನು ಕುಡಿದವರು ಹೆಂಗಸರು. ಕಂಬ ಹೊತ್ತು ಎಂಜಲೆಲೆ ತೆಗೆದವರು ಬಹುಮಟ್ಟಿಗೆ ಪಂಕ್ತಿಯಲ್ಲಿ ಕೂರಲಾಗದ ಕೂಲಿಯಾಳುಗಳು. ಅವರ ಪಾಲಿಗೆ ಅದು ಮುಯ್ಯಿಯಾಗಿರಲಿಲ್ಲ. ಮಲೆನಾಡಿನವರೇ ಆದ ಕುವೆಂಪು ಅವರು 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಮಂತ್ರಮಾಂಗಲ್ಯದ ಸರಳ ವಿಧಾನದಲ್ಲಿ ನೆರವೇರಿಸಿದರು. ಜಾತಿಯ ಕಟ್ಟು, ವರದಕ್ಷಿಣೆ ಮತ್ತು ಆಡಂಬರಗಳನ್ನು ಬಿಟ್ಟೂ ಮದುವೆ ಅರ್ಥಪೂರ್ಣವಾಗಬಲ್ಲದೆಂದು ಅದು ತೋರಿಸಿತು. ಇಂದಿನ ವಧೂವರರು ಹಳೆಯದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ಉಳ್ಳವರು.

ಬೇಸಿಗೆಯ ಮದುವೆಯಲ್ಲಿ ಮೊದಲು ಯೋಚಿಸಬೇಕಾದುದು ನೀರನ್ನು. ನಮ್ಮ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅನೇಕ ಊರುಗಳ ಹಳ್ಳಗಳು ಬತ್ತಿ ಬಾವಿಗಳು ತಳ ಕಾಣುತ್ತವೆ. ಒಂದು ಲೆಕ್ಕ ಹಾಕೋಣ. ಮದುವೆಗೆ 500 ಜನ ಬಂದರು, ತಲೆಗೆ 20 ಲೀಟರ್ ನೀರು ಖರ್ಚಾಯಿತು ಎಂದುಕೊಂಡರೆ ಒಟ್ಟು 10,000 ಲೀಟರ್. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕು. ಎಕರೆಗೆ ಸುಮಾರು 550 ಮರಗಳಿರುತ್ತವೆ. ಅಂದರೆ ಮದುವೆಯ ನೀರು ಹೆಚ್ಚುಕಡಿಮೆ ಒಂದು ಎಕರೆ ತೋಟದ ಒಂದು ದಿನದ ನೀರು. ಊರು ಒಟ್ಟಾಗಿ ಯೋಚಿಸಿದರೆ ಇದು ಹೊರಲಾಗದ ಹೊರೆಯಲ್ಲ. ನೀರಿಲ್ಲವೆಂಬ ಕಾರಣಕ್ಕೆ ಪ್ಲಾಸ್ಟಿಕ್ ಲೋಟ ತರುವವರು ಇನ್ನೊಂದು ಲೆಕ್ಕವನ್ನೂ ನೋಡಬೇಕು. ಸ್ಟೀಲ್ ಲೋಟವೊಂದನ್ನು ತೊಳೆಯಲು ಅರ್ಧ ಲೀಟರ್ ಎಂದರೆ, ತಲೆಗೆ ಎರಡರಂತೆ ಸಾವಿರ ಲೋಟಗಳಿಗೆ 500 ಲೀಟರ್ ಸಾಕು. ಅದನ್ನೂ ಕೈ ತೊಳೆದ ನೀರನ್ನೂ ಬಾಳೆಯ ಬುಡಕ್ಕೆ ತಿರುಗಿಸಬಹುದು. ಬಾಟಲಿ ಮಾತ್ರ ಎಲ್ಲಿಗೂ ತಿರುಗುವುದಿಲ್ಲ. ತೋಟದ ಮೂಲೆಯಲ್ಲಿ ಎಸೆದದ್ದು ಮೊದಲ ಮಳೆಗೆ ಬಸಿಗಾಲುವೆಗೆ ಇಳಿಯುತ್ತದೆ. ಬಸಿಗಾಲುವೆ ಕಟ್ಟಿಕೊಂಡು ನೀರು ನಿಂತರೆ ಅಡಿಕೆಯ ಬೇರಿಗೆ ಕೇಡು. ಕಟ್ಟಿಕೊಳ್ಳದೆ ಹರಿದರೆ ಹಳ್ಳಕ್ಕೂ ಹೊಳೆಗೂ ಕೇಡು.

ಕಾನೂನು ಕೂಡ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಫ್ಲೆಕ್ಸ್ ಮಾತ್ರವಲ್ಲದೆ ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿಯೇ ನಿಷೇಧಿಸಿತು. 2022ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರದ ನಿಷೇಧದಲ್ಲಿ ಅಲಂಕಾರದ ಥರ್ಮೋಕೋಲ್ ಇದೆ; ಆಮಂತ್ರಣ ಪತ್ರಿಕೆಗೂ ಸಿಹಿಯ ಪೆಟ್ಟಿಗೆಗೂ ಸುತ್ತುವ ತೆಳು ಹೊದಿಕೆಯೂ ಇದೆ. ಇಷ್ಟಾದರೂ ಮದುವೆಯ ಮನೆಗೆ ಬಂದು ಯಾರು ತಪಾಸಣೆ ಮಾಡಿಯಾರು? ಆ ಕೆಲಸವನ್ನು ಮನೆಯವರೇ ಮಾಡಿಕೊಳ್ಳಬೇಕು.

ಊಟಕ್ಕೆ ಬಾಳೆಎಲೆಗಿಂತ ಮಿಗಿಲಾದುದಿಲ್ಲ. ಅದನ್ನು ತೊಳೆಯಬೇಕಿಲ್ಲ, ಉಂಡ ಮೇಲೆ ದನಕ್ಕೋ ಗೊಬ್ಬರದ ಗುಂಡಿಗೋ ಸಲ್ಲುತ್ತದೆ. ಅಡಿಕೆ ಹಾಳೆಯ ತಟ್ಟೆಗಳಿಂದ ಆಹಾರಕ್ಕೆ ಅಡಿಕೆಯ ರಾಸಾಯನಿಕಗಳು ಸೇರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಮೇ ತಿಂಗಳಲ್ಲಿ ಆಕ್ಷೇಪ ಎತ್ತಿದೆ. ಆ ಪ್ರಶ್ನೆ ಬಗೆಹರಿಯುವವರೆಗೆ ಬಾಳೆಎಲೆಯನ್ನೇ ನೆಚ್ಚುವುದು ಜಾಣತನ. ಬಡಿಸುವುದಕ್ಕಂತೂ ಬೇಸಿಗೆಯ ಮಲೆನಾಡಿನಲ್ಲಿ ಬರವಿಲ್ಲ. ಮಾವಿನ ಅಪ್ಪೆಹುಳಿ, ಹಲಸಿನ ಹಣ್ಣಿನ ಕಡುಬು, ಮುರುಗಲ ಹಣ್ಣಿನ ಪಾನಕ, ಮಜ್ಜಿಗೆಯ ತಂಬುಳಿ ಇವೆಲ್ಲ ಈ ಋತುವಿಗೂ ಈ ನೆಲಕ್ಕೂ ಸೇರಿದವು. ನಗರದಿಂದ ಬಂದ ಸ್ನೇಹಿತರು ನೆನಪಿನಲ್ಲಿಟ್ಟುಕೊಳ್ಳುವುದು ಇವನ್ನೇ ಹೊರತು ಎಲ್ಲೆಡೆ ಸಿಗುವ ಪನೀರನ್ನಲ್ಲ.

ಎರಡು ಎಚ್ಚರಿಕೆಗಳು ಅಗತ್ಯ. ಚಪ್ಪರಕ್ಕೆ ಸೊಪ್ಪು ತರಲು ಬೇಸಿಗೆಯಲ್ಲಿ ಕಾಡಿಗೆ ಹೋಗಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವ ಉಣುಗಿನ ಮರಿಗಳು ಒಣ ತರಗೆಲೆಯ ನಡುವೆ ಇರುವ ಕಾಲವಿದು. ತೋಟದ ಸೋಗೆ, ಮನೆಯಂಚಿನ ಮಾವಿನ ತೋರಣ ಸಾಕು. ಹಾಗೆಯೇ ಮದುಮಗಳ ಮುಡಿಗೆಂದು ಮರದ ಮೇಲಿನ ಸೀತಾಳೆ ದಂಡೆಯನ್ನು ಕೀಳಬೇಡಿ. ಈ ಆರ್ಕಿಡ್ಡಿನ ಬೀಜ ಧೂಳಿನಷ್ಟು ಸಣ್ಣದು. ತಕ್ಕ ಶಿಲೀಂಧ್ರದ ನೆರವು ಸಿಕ್ಕಿದರೆ ಮಾತ್ರ ಅದು ಮೊಳೆಯುತ್ತದೆ. ಹೂವನ್ನೇ ಕಿತ್ತರೆ ಆ ವರ್ಷದ ಸಂತಾನವೇ ಇಲ್ಲ. ಹಿತ್ತಿಲಿನ ಮಲ್ಲಿಗೆ, ಸಂಪಿಗೆಗಳು ಮುಡಿಗೆ ಸಾಲದೇ?

ತಮ್ಮ ಕೈಯಿಂದ ಏನಾದರೂ ಆಗಬೇಕೆನ್ನುವ ವಧೂವರರಿಗೆ ದಾರಿಗಳು ಹಲವಿವೆ. ಆಮಂತ್ರಣವನ್ನು ಅವರೇ ಕೈಯಾರೆ ಬರೆಯಲಿ. ತಾಂಬೂಲದೊಡನೆ ಮನೆಯಲ್ಲಿ ಉಳಿಸಿಕೊಂಡ ಸೌತೆ, ಬದನೆ, ಬಸಳೆಯ ಬೀಜಗಳನ್ನು ಕೊಡಲಿ. ಜೂನ್ ಹತ್ತಿರವಿರುವುದರಿಂದ ಅವು ಬೇಗನೆ ಮಣ್ಣು ಸೇರಿಯಾವು. ಚಪ್ಪರಕ್ಕೂ ಅಡುಗೆಗೂ ಕೈಗೂಡಿಸಿದವರೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲಿ, ವರನ ಕಡೆಯ ಗಂಡಸರು ಅವರಿಗೆ ಬಡಿಸಲಿ. ಮದುವೆಯ ಮರುದಿನ ಹೊಸ ದಂಪತಿಗಳು ಗೆಳೆಯರೊಡನೆ ಅಂಗಳ ಗುಡಿಸಿ, ಹಳ್ಳದ ದಾರಿಯನ್ನು ಒಮ್ಮೆ ನೋಡಿ ಬರಲಿ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ಈ ಬೇಸಿಗೆಯಲ್ಲಿ ನಿಮ್ಮೂರಿನ ಒಂದು ಮದುವೆಯ ಲೆಕ್ಕ ಬರೆದಿಡಿ: ಎಷ್ಟು ಜನ ಬಂದರು, ಎಷ್ಟು ನೀರು ಖರ್ಚಾಯಿತು, ಎಷ್ಟು ಚೀಲ ಕಸ ಉಳಿಯಿತು, ಅದು ಎಲ್ಲಿಗೆ ಹೋಯಿತು. ಮೊದಲ ಮಳೆ ಬಿದ್ದ ಮೇಲೆ ಹಳ್ಳದ ದಂಡೆಗೆ ಹೋಗಿ ಇನ್ನೊಮ್ಮೆ ನೋಡಿ. ಆ ಬರಹಗಳನ್ನು ಈ ಪತ್ರಿಕೆಗೆ ಕಳುಹಿಸಿರಿ. ಮುಂದಿನ ಬೇಸಿಗೆಯಲ್ಲಿ ಮದುವೆಯಾಗಲಿರುವವರಿಗೆ ಅವು ನಮ್ಮ ಉಪದೇಶಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ.