ಮನೆಯಂಗಳ: ತಾಳ ಬಿಡದ ಸ್ನೇಹ
ಊರು ಬಿಟ್ಟವರ ಮಕ್ಕಳು ಹಾಡನ್ನೂ ಬಿಟ್ಟಾರೆಂಬ ಅಳುಕು ನಮ್ಮವರಲ್ಲಿ ಯಾರಿಗಿಲ್ಲ? ಮಗ ಜಾಜ್ ಹಾಕಿದನೆಂದು ನಾವೂ ಒಮ್ಮೆ ಗದರಿದ್ದುಂಟು. ಉತ್ತರವಾಗಿ ಅವನು ಕೇಳಿಸಿದ್ದು 1983ರ ಧ್ವನಿಮುದ್ರಿಕೆ ‘ಜ್ಯೋತಿ’.

ಟಿ. ಎ. ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಡನೆ ಅದರಲ್ಲಿ ಅಮೆರಿಕದ ಚಾರ್ಲಿ ಮರಿಯಾನೊ ಸ್ಯಾಕ್ಸೊಫೋನ್ ನುಡಿಸಿದ್ದಾರೆ. ಹಾಡಿದವರು ಆರ್. ಎ. ರಮಾಮಣಿ, ಹೊಸ ರಚನೆಗಳೂ ಅವರವೇ. ಮೃದಂಗ, ಘಟ, ಖಂಜಿರಗಳು ತಮ್ಮ ಲೆಕ್ಕ ಬಿಟ್ಟುಕೊಟ್ಟಿಲ್ಲ. ನಾಗಸ್ವರವನ್ನೂ ಕಲಿತಿದ್ದ ಮರಿಯಾನೊ ಆ ಲೆಕ್ಕಕ್ಕೆ ಕಿವಿಗೊಟ್ಟೇ ದನಿಗೂಡಿಸುತ್ತಾರೆ.

ಶ್ರುತಿ, ತಾಳ ಗಟ್ಟಿಯಿದ್ದ ಮನೆಗೆ ಅತಿಥಿಯ ಭಯವಿಲ್ಲವೆಂದು ಅಂದು ನಮಗೆ ತಿಳಿಯಿತು. ಮಕ್ಕಳಿಗೆ ಸರಳೆ ವರಸೆಯನ್ನು ಚೆನ್ನಾಗಿ ಕಲಿಸೋಣ. ಆಮೇಲೆ ಯಾರೊಡನೆ ಬೇಕಾದರೂ ಕೂಡಿ ಹಾಡಲಿ.