ಮಾನಿಟರಿಗೆ ಹಾರ, ಬೆತ್ತ ಯಾರ ಕೈಯಲ್ಲಿ?

ತರುಣ ಪತ್ರಕರ್ತನೊಬ್ಬನಿಗೆ ದೊಡ್ಡ ನಗರದ ಪತ್ರಿಕೆಯ ಪಟ್ಟ ಕಟ್ಟಿದೊಡನೆ ಉಘೇ ಉಘೇ ಎನ್ನುವುದು ವಿದ್ಯಾವಂತರಿಗೆ ಅಭ್ಯಾಸವಾಗಿಬಿಟ್ಟಿದೆ. ಪ್ರತಿಭೆಗೆ ಮನ್ನಣೆ ದೊರೆಯಿತಂತೆ! ಮಾಲೀಕರ ಔದಾರ್ಯಕ್ಕೂ ಅದರಲ್ಲೊಂದು ಪಾಲು ಹೊಗಳಿಕೆ. ನಾವು ಈ ಭಜನೆಯ ಮೇಳಕ್ಕೆ ಸೇರಿದವರಲ್ಲ. ಏಕೆಂಬುದನ್ನು ಹೇಳುತ್ತೇವೆ.

ಅಮೆರಿಕದ ನ್ಯೂಯಾರ್ಕಿನಲ್ಲಿ ನಗರದ ಹೆಸರನ್ನೇ ಹೊತ್ತ 'ನ್ಯೂಯಾರ್ಕ್' ಪತ್ರಿಕೆಯ ಸಂಗತಿ ನೋಡಿ. ಅಲ್ಲಿ 15 ವರ್ಷ ಸಂಪಾದಕರಾಗಿದ್ದ ಆಡಂ ಮಾಸ್ ಹುದ್ದೆ ಬಿಡುವರೆಂದೂ, ಅವರ ಕೈಕೆಳಗೆ ದುಡಿಯುತ್ತಿದ್ದ ಡೇವಿಡ್ ಹ್ಯಾಸ್ಕೆಲ್ ಆ ಜಾಗಕ್ಕೆ ಬರುವರೆಂದೂ 2019ರ ಜನವರಿಯಲ್ಲಿ ಸುದ್ದಿ ಹೊರಟಿತು. ಹ್ಯಾಸ್ಕೆಲರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಸಂಪಾದನೆಯ ಜತೆಗೆ ವ್ಯವಹಾರವನ್ನೂ ಬಲ್ಲವರು. ಬ್ರೂಕ್ಲಿನ್‌ನಲ್ಲಿ ವಿಸ್ಕಿ ಭಟ್ಟಿಯೊಂದನ್ನು ಕಟ್ಟಿದವರಲ್ಲಿ ಒಬ್ಬರು. (ಪಾನನಿರೋಧದ ನಮ್ಮ ಹಿರಿಯರು ಕ್ಷಮಿಸಬೇಕು.) ಅವರ ಯೋಗ್ಯತೆಯ ಬಗ್ಗೆ ನಮ್ಮ ತಕರಾರಿಲ್ಲ.

ಆದರೆ ಪಟ್ಟಾಭಿಷೇಕದ ಹಿಂದುಮುಂದು ನಡೆದದ್ದೇನು? 2018ರ ಡಿಸೆಂಬರಿನಲ್ಲಿ ಅಲ್ಲಿಯ ನೌಕರರು ಸಂಘ ಕಟ್ಟಿಕೊಂಡಿದ್ದರು. 2019ರ ಮಾರ್ಚಿಯಲ್ಲಿ 16 ಮಂದಿ ಖಾಯಂ ನೌಕರರನ್ನೂ, ಅವರೊಡನೆ ಅರೆಕಾಲಿಕರು, ಬಿಡಿಕೆಲಸದವರನ್ನೂ ಕೈಬಿಡಲಾಯಿತು. ಏಪ್ರಿಲಿನಲ್ಲಿ ಹೊಸ ಸಂಪಾದಕರು ಕುರ್ಚಿಯೇರಿದರು. ಸೆಪ್ಟೆಂಬರಿನಲ್ಲಿ ಪತ್ರಿಕೆಯನ್ನೇ ವಾಕ್ಸ್ ಮೀಡಿಯಾ ಎಂಬ ಕಂಪನಿಯೊಡನೆ ವಿಲೀನ ಮಾಡುವುದಾಗಿ ಸಾರಿದರು. ಕುರ್ಚಿಯ ಬಿಸಿ ಆರುವುದರೊಳಗೆ ಮನೆಯ ಬಾಗಿಲಿನ ಹೆಸರೇ ಬೇರೆ!

ಇದು ಆ ಮನೆಗೆ ಹೊಸದೂ ಅಲ್ಲ. 1968ರಲ್ಲಿ ಆ ಪತ್ರಿಕೆಯನ್ನು ಹುಟ್ಟಿಸಿ ಬೆಳೆಸಿದವರು ಕ್ಲೇ ಫೆಲ್ಕರ್. 1977ರ ಜನವರಿಯಲ್ಲಿ ರೂಪರ್ಟ್ ಮರ್ಡಾಕ್ ಶೇರು ಕೊಂಡು ಬಂದಾಗ ಹುಟ್ಟಿಸಿದವನೇ ಹೊರಗಾದ. ಬರೆಯುವವರು ಅನೇಕರು ಅವನ ಪರವಾಗಿ ಕೆಲಸ ಬಿಟ್ಟು ನಡೆದರು. ಶೇರು ಮಾತ್ರ ಕೊಂಡವನ ಬಳಿಯೇ ಉಳಿಯಿತು. ಮುಂದೆ ವಾಲ್ ಸ್ಟ್ರೀಟಿನ ಬ್ರೂಸ್ ವಾಸರ್‌ಸ್ಟೈನ್ ಅದನ್ನು ಐದೂವರೆ ಕೋಟಿ ಡಾಲರಿಗೆ ಕೊಂಡ. ಸಂತೆಯಲ್ಲಿ ದನದ ಹಗ್ಗ ಕೈಯಿಂದ ಕೈಗೆ ಹೋದಂತೆ.

ನಾವು ಹಿಂದೆ ಶಾಲೆಯಲ್ಲಿ ಪಾಠ ಹೇಳಿದವರು. ತರಗತಿಯ ಚುರುಕು ಹುಡುಗನನ್ನು ಆರಿಸಿ ಮಾನಿಟರ್ ಮಾಡುತ್ತಿದ್ದೆವು. ಗದ್ದಲ ಮಾಡಿದವರ ಹೆಸರನ್ನು ಅವನು ಬೋರ್ಡಿನ ಮೇಲೆ ಬರೆಯುವನು. ಬೆತ್ತ ನಮ್ಮ ಮೇಜಿನಲ್ಲೇ ಇರುತ್ತಿತ್ತು. ವಾರ ಕಳೆಯುವುದರೊಳಗೆ ಆ ಹುಡುಗ ಗೆಳೆಯರಿಗೂ ಬೇಡವಾದವನು. ಮೇಷ್ಟರಿಗೆ ಸಮಾನನೂ ಅಲ್ಲ. ಆ ಮಕ್ಕಳ ಮುಖ ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ದೂರದ ಅಮೆರಿಕದ ಮಾತು ನಮಗೇಕೆ ಎನ್ನುವಿರಾ? ನಮ್ಮ ಜಿಲ್ಲೆಗಳಿಂದ ಬೆಂಗಳೂರಿಗೆ ಹೋಗಿ ಪತ್ರಿಕೆ ಸೇರುವ ಹುಡುಗರಿಗೂ ಇದೇ ಗೌರವ ಕಾದಿರುತ್ತದೆ. ನಮ್ಮ ದೇಶದ 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಸಂಪಾದಕನನ್ನೂ ದುಡಿಯುವವನೆಂದೇ ಎಣಿಸಿತ್ತು. ಹೆಚ್ಚುವರಿಯೆಂದು ತೆಗೆಯಬೇಕಾದರೆ ಸಂಪಾದಕನಿಗೆ ಆರು ತಿಂಗಳು, ಉಳಿದ ಪತ್ರಕರ್ತರಿಗೆ ಮೂರು ತಿಂಗಳು ಮುಂಚೆ ನೋಟೀಸು ಕೊಡಬೇಕೆಂದು ವಿಧಿಸಿತ್ತು. ಆ ರಕ್ಷಣೆಯೂ ಎಲ್ಲರಿಗೆ ದಕ್ಕಲಿಲ್ಲ. ಗುತ್ತಿಗೆ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ಮಾಲೀಕರು ಬಹು ಬೇಗ ಕಲಿತರು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯ್ದೆಯೇ ರದ್ದಾಯಿತು. ಅಂದು ಎಷ್ಟು ಮಂದಿ ಸಂಪಾದಕರು ಮುಖಪುಟದಲ್ಲಿ ಪ್ರತಿಭಟಿಸಿದರು? ಬಡ್ತಿಯ ಋಣ ಬಾಯಿ ಕಟ್ಟಿತ್ತೇ?

ಆದ್ದರಿಂದ ಹೊಸ ಸಂಪಾದಕನಿಗೆ ಸನ್ಮಾನ ಏರ್ಪಡಿಸುವ ಗೆಳೆಯರಿಗೆ ನಮ್ಮದೊಂದು ಒತ್ತಾಯ. ಹಾರ ಹಾಕುವ ಮುನ್ನ ಅವನ ನೇಮಕದ ಕಾಗದವನ್ನು ಸಭೆಯಲ್ಲಿ ಓದಿಸಿರಿ. ಆ ವರ್ಷ ಅದೇ ಕಚೇರಿಯಿಂದ ಹೊರಬಿದ್ದವರನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿರಿ. ಅವರೆದುರು ನಿಂತು ಅವನು ಭಾಷಣ ಮಾಡಲಿ; ಕೇಳಲು ನಾವೂ ಬರುತ್ತೇವೆ.